ಗೆಳೆಯನಿಗೊಂದು ಪತ್ರ: ರಾತ್ರಿಯ ನಿದ್ರೆಗೆ ಬೆಳಗಿನ ಸಿದ್ಧತೆ

ಮಡಿಕೇರಿ

ಪ್ರೀತಿಯ ಗೆಳೆಯಾ,

ನಡುರಾತ್ರಿ ನೀನು ಕಳುಹಿಸಿದ ಸಂದೇಶವನ್ನು ಬೆಳಿಗ್ಗೆ ಓದಿದೆ. ರೋಬಸ್ಟಾ ಕೊಯ್ಲು ಮುಗಿದು, ಕಣದ ಕಾಫಿಯೆಲ್ಲ ಒಣಗಿ ಚೀಲ ಸೇರಿದ ಮೇಲೂ ನಿದ್ರೆ ಹತ್ತುತ್ತಿಲ್ಲವೆಂದೂ, ಮೆಲಟೋನಿನ್ ಮಾತ್ರೆ ತರಿಸಿಕೊಳ್ಳುವ ಯೋಚನೆಯಿದೆಯೆಂದೂ ಬರೆದಿದ್ದೀಯ. ತರಿಸುವ ಮೊದಲು ಇದನ್ನು ಓದು.

ಮೆಲಟೋನಿನ್ ನಮ್ಮ ದೇಹವೇ ತಯಾರಿಸುವ ವಸ್ತು. ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿ ಅದನ್ನು ಸ್ರವಿಸುತ್ತದೆ, ಕಣ್ಣಿಗೆ ಬೆಳಕು ಬಿದ್ದರೆ ಆ ಸ್ರಾವ ತಗ್ಗುತ್ತದೆ. ದೂರದೇಶದ ವಿಮಾನ ಪ್ರಯಾಣದಿಂದ ಹಗಲುರಾತ್ರಿ ಅದಲುಬದಲಾದವರಿಗೆ ಮಾತ್ರೆಯಿಂದ ಪ್ರಯೋಜನವಿದೆ. ಆದರೆ ದೀರ್ಘಕಾಲದ ನಿದ್ರಾಹೀನತೆಗೆ ಅದನ್ನು ಬಳಸದಿರುವುದೇ ಲೇಸೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2017ರಲ್ಲಿ ಸೂಚಿಸಿದೆ. ಅದೇ ವರ್ಷ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಇಂಥ 31 ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿದ್ದ ಮೆಲಟೋನಿನ್ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಶೇ. 83ರಷ್ಟು ಕಡಿಮೆಯಿಂದ ಶೇ. 478ರಷ್ಟು ಹೆಚ್ಚಿನವರೆಗೆ ಏರುಪೇರಾಗಿತ್ತು. ಎಷ್ಟು ನುಂಗುತ್ತಿದ್ದೇವೆಂಬುದೇ ತಿಳಿಯದ ಔಷಧವನ್ನು ನೀನು ನಂಬಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ನಿನ್ನಿಂದ ನಾನು ಬಯಸುವುದು ಮುಖ್ಯವಾಗಿ ಒಂದನ್ನೇ: ರಾತ್ರಿ ಎಷ್ಟು ಹೊತ್ತಿಗೆ ಕಣ್ಣು ಮುಚ್ಚಿದರೂ ಬೆಳಿಗ್ಗೆ ಏಳುವ ಗಂಟೆ ಬದಲಾಗಬಾರದು, ಭಾನುವಾರವೂ ಬದಲಾಗಬಾರದು. ಇಷ್ಟು ಹೊತ್ತಿಗೆ ನಿದ್ರೆ ಬರಲಿ ಎಂದು ನಾವು ಆಜ್ಞೆ ಮಾಡಲಾರೆವು, ಇಷ್ಟು ಹೊತ್ತಿಗೆ ಎದ್ದೇಳುವುದು ಮಾತ್ರ ನಮ್ಮ ಕೈಯಲ್ಲಿದೆ. ಎದ್ದ ಕೂಡಲೇ ಅಂಗಳಕ್ಕಿಳಿದು ಅರ್ಧ ಗಂಟೆ ತೋಟದಲ್ಲಿ ಓಡಾಡು. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕಿದ್ದರೆ, ಮೋಡ ಕವಿದ ಹಗಲಿನಲ್ಲೂ ಬಯಲಿನಲ್ಲಿ ಸಾವಿರಾರು ಲಕ್ಸ್ ಇರುತ್ತದೆ. ಆ ಬೆಳಕು ಕಣ್ಣಿನ ಮೂಲಕ ಮೆದುಳಿನ ಗಡಿಯಾರವನ್ನು ತಿದ್ದುವುದರಿಂದಲೇ ರಾತ್ರಿ ಸಕಾಲಕ್ಕೆ ತೂಕಡಿಕೆ ಬರುತ್ತದೆ. ಇದರಿಂದಾಗಿ ನಮ್ಮ ಮಳೆಗಾಲದ ಬಗ್ಗೆ ನನಗೆ ವಿಶೇಷ ಕಾಳಜಿಯಿದೆ. ಜೂನ್‌ನಿಂದ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದವರೆಗೆ ಕೊಡಗಿನಲ್ಲಿ ಬಾಗಿಲು ಹಾಕಿಕೊಂಡು ಮಂದ ಬೆಳಕಿನಲ್ಲೇ ದಿನ ಕಳೆಯುವವರು ಬಹಳ. ಆಗ ಜಗುಲಿಯ ಅಂಚಿನಲ್ಲಾದರೂ ಕುಳಿತುಕೋ.

ಇನ್ನು ಕಾಫಿ. ಬೆಳೆಗಾರನಿಗೆ ಕಾಫಿ ಬಿಡು ಎನ್ನುವಷ್ಟು ಕಠೋರ ನಾನಲ್ಲ, ಬಿಡುವ ಅಗತ್ಯವೂ ಇಲ್ಲ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗುತ್ತಾ ನಿದ್ರೆಯ ಒತ್ತಡವನ್ನು ಹೆಚ್ಚಿಸುತ್ತದೆ. ಕೆಫೀನ್ ಅದರ ಜಾಗವನ್ನು ಆಕ್ರಮಿಸಿ ಆ ಒತ್ತಡ ನಮಗೆ ಅರಿವಾಗದಂತೆ ಮಾಡುತ್ತದೆ. ಕುಡಿದ ಕೆಫೀನಿನ ಅರ್ಧಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಅಂದರೆ ಸಂಜೆ ಐದರ ಲೋಟದ ಅರ್ಧ ಕೆಫೀನ್ ರಾತ್ರಿ ಹತ್ತಕ್ಕೂ ನಿನ್ನೊಳಗೇ ಇರುತ್ತದೆ. ಅದರಲ್ಲೂ ನಿಮ್ಮ ಮನೆಯಲ್ಲಿ ಸ್ವಂತ ತೋಟದ ರೋಬಸ್ಟಾ, ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುವ ಬೀಜ! ಗಟ್ಟಿ ಡಿಕಾಕ್ಷನ್ನಿನ ಕೊನೆಯ ಲೋಟ ಮಧ್ಯಾಹ್ನದ ಊಟದೊಂದಿಗೆ ಮುಗಿಯಲಿ.

ಹಾಸಿಗೆಯಲ್ಲಿ ಮಲಗಿ ಕಾಫಿ ದರ ನೋಡುವುದನ್ನೂ, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಯಾವಾಗ ಬರುತ್ತದೆಂದು ಹವಾಮಾನದ ಆ್ಯಪ್ ತಿರುವುವುದನ್ನೂ ದಯವಿಟ್ಟು ನಿಲ್ಲಿಸು. ಫೋನಿನ ಬೆಳಕಿಗಿಂತ ಅದು ತರುವ ಚಿಂತೆಯೇ ನಿನಗೆ ಹೆಚ್ಚು ಕೆಡುಕೆಂದು ನನ್ನ ಅಭಿಪ್ರಾಯ. ಅಂದಾಜು ಇಪ್ಪತ್ತು ನಿಮಿಷವಾದರೂ ನಿದ್ರೆ ಬಾರದಿದ್ದರೆ ಎದ್ದು ಹೊರಕೋಣೆಯ ಸಣ್ಣ ದೀಪದಡಿ ಕುಳಿತು, ಕಣ್ಣು ಎಳೆಯತೊಡಗಿದಾಗ ಮಾತ್ರ ಮರಳಿ ಮಲಗು. ಹಾಸಿಗೆಯೆಂದರೆ ಹೊರಳಾಡುವ ಜಾಗವೆಂಬ ಅಭ್ಯಾಸವನ್ನು ಮನಸ್ಸು ಹೀಗೆ ಮರೆಯುತ್ತದೆ. ರಾತ್ರಿ ತೋಟಕ್ಕೆ ಆನೆ ಬಂದು ಪಟಾಕಿ ಹೊಡೆಯಲು ಏಳಬೇಕಾದ ದಿನ ಏನೂ ಮಾಡಲಾಗದು, ನಿಜ. ಆದರೆ ಮರುದಿನವೂ ಅದೇ ಗಂಟೆಗೆ ಏಳು, ಮಧ್ಯಾಹ್ನ ದೀರ್ಘವಾಗಿ ಮಲಗಿ ಅದನ್ನು ತುಂಬಿಕೊಳ್ಳಲು ಹೋಗಬೇಡ.

ಮಲಗುವ ಒಂದೆರಡು ಗಂಟೆ ಮೊದಲು ಹಂಡೆಯ ಬಿಸಿನೀರಿನ ಸ್ನಾನ ಒಳ್ಳೆಯದು. ಚರ್ಮಕ್ಕೆ ರಕ್ತ ಹರಿದು ಬಳಿಕ ದೇಹದ ಒಳಶಾಖ ಇಳಿಯುವುದು ನಿದ್ರೆಗೆ ಸಹಾಯಕ. ಮದುವೆಮನೆಯ ಪೆಗ್ಗು ಬೇಗ ಮಲಗಿಸುತ್ತದೆ, ಆದರೆ ರಾತ್ರಿಯ ಉತ್ತರಾರ್ಧದ ನಿದ್ರೆಯನ್ನು ಚೂರುಚೂರು ಮಾಡುತ್ತದೆ.

ಒಂದು ವಿಷಯವನ್ನು ಮಾತ್ರ ಅಭ್ಯಾಸಗಳಿಗೆ ಬಿಡಬೇಡ. ನಿನ್ನ ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆಂದು ಮನೆಯವರು ಹೇಳಿದರೆ, ಅಥವಾ ಜೀಪು ಓಡಿಸುವಾಗ ತೂಕಡಿಕೆ ಬಂದರೆ, ತಡಮಾಡದೆ ವೈದ್ಯರನ್ನು ಕಾಣು. ಉಳಿದಂತೆ ಇಂದಿನಿಂದಲೇ ಏಳುವ ಗಂಟೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾ ಹೋಗು. ಮುಂದಿನ ತಿಂಗಳು ನಾನು ಆ ಕಡೆ ಬಂದಾಗ ಇಬ್ಬರೂ ಕುಳಿತು ನೋಡೋಣ.

ಇಂತಿ ನಿನ್ನ
ಗೆಳೆಯ