ಎರಡು ಗಂಟೆಯಲ್ಲಿ ಮುನ್ನೂರು ಮಂದಿಯ ಸ್ತನ ತಪಾಸಣೆ ಮಾಡಿದವರು ಯಾರು?

ಮಾನ್ಯ ಸಂಪಾದಕರೇ,

ಸೋಮವಾರದ ಪತ್ರಿಕೆಯ ಮೂರನೇ ಪುಟದಲ್ಲಿ ನಮ್ಮ ಆಸ್ಪತ್ರೆ ಆವರಣದ ಸ್ತನ ಕ್ಯಾನ್ಸರ್ ಶಿಬಿರದ ಸುದ್ದಿ ಬಂದಿದೆ. ‘300 ಮಹಿಳೆಯರಿಗೆ ತಪಾಸಣೆ’ ಎಂಬ ತಲೆಬರಹ, ಪಕ್ಕದಲ್ಲಿ ಗುಲಾಬಿ ರಿಬ್ಬನ್ ತೊಟ್ಟ ಗಣ್ಯರ ಸಾಲು. ಆ ದಿನ ಶಾಮಿಯಾನದಡಿ ಕಾದು ಕೂತಿದ್ದ ಯಾರಿಗಾದರೂ ಇದನ್ನು ಓದಿದರೆ ಮೈ ಉರಿಯುತ್ತದೆ.

ಹತ್ತಕ್ಕೆ ಬರಹೇಳಿದ್ದರು. ಉದ್ಘಾಟಕರು ಬಂದದ್ದು ಹನ್ನೊಂದೂವರೆಗೆ. ಜಾಥಾ ಅಂತ ಬಸ್ ನಿಲ್ದಾಣದ ರಸ್ತೆ ಮುಚ್ಚಿದ್ದರಿಂದ ಹಳ್ಳಿಗಳ ಹೆಂಗಸರು ಎಪಿಎಂಸಿ ಗೇಟಿನ ಹತ್ತಿರ ಇಳಿದು ಬಿಸಿಲಲ್ಲಿ ನಡೆದು ಬಂದರು. ಕುಡಿಯುವ ನೀರಿಲ್ಲ, ಹೆಂಗಸರ ಶೌಚಾಲಯಕ್ಕೆ ಬೀಗ. ಭಾಷಣಗಳು ಮುಗಿದಾಗ ಹನ್ನೆರಡೂವರೆ. ಎರಡೂವರೆಗೆ ಶಾಮಿಯಾನ ಬಿಚ್ಚಿದರು. ಇದ್ದವರು ಇಬ್ಬರು ಸ್ಟಾಫ್ ನರ್ಸ್‌ಗಳು, ಒಂದು ಬೆಂಚು. ಪರದೆ ಇರಲಿಲ್ಲ.

ಲೆಕ್ಕ ಹಾಕಿ. ಇಬ್ಬರಿಗೆ ಎರಡೆರಡು ಗಂಟೆ ಅಂದರೆ ಒಟ್ಟು 240 ನಿಮಿಷ. 300 ಮಂದಿಗೆ ಹಂಚಿದರೆ ತಲೆಗೆ 48 ಸೆಕೆಂಡು. ಅಷ್ಟರಲ್ಲಿ ಹೆಸರು, ವಯಸ್ಸು, ಆಧಾರ್ ನಂಬರ್ ಬರೆದು ಬಿಪಿ ನೋಡುವುದೂ ಕಷ್ಟ. ಸ್ತನ ಪರೀಕ್ಷೆ ಅಂದರೆ ಕೆಲಸ ಹೀಗಿರುತ್ತದೆ: ಮೊದಲು ಕೂರಿಸಿ, ಕೈ ಸೊಂಟಕ್ಕೆ ಒತ್ತಿಸಿ, ಆಮೇಲೆ ತಲೆಯ ಮೇಲೆತ್ತಿಸಿ ನೋಡಬೇಕು. ಚರ್ಮ ಎಲ್ಲಾದರೂ ಒಳಕ್ಕೆ ಎಳೆದಿದ್ದರೆ ಆಗಲೇ ಕಾಣುವುದು. ಕೂತಿರುವಾಗಲೇ ಕೊರಳೆಲುಬಿನ ಮೇಲೆ, ಕೆಳಗೆ, ಕಂಕುಳಲ್ಲಿ ಗಂಟು ಇದೆಯೇ ಎಂದು ಮುಟ್ಟಿ ನೋಡಬೇಕು. ಆಮೇಲೆ ಮಲಗಿಸಿ, ಭುಜದ ಕೆಳಗೆ ದಿಂಬಿಟ್ಟು, ನಡುವಿನ ಮೂರು ಬೆರಳುಗಳ ಮೆತ್ತನೆ ಭಾಗದಿಂದ ಕೊರಳೆಲುಬಿನಿಂದ ಸ್ತನದ ಕೆಳಮಡಿಕೆಯವರೆಗೆ, ಕಂಕುಳಿನಿಂದ ಎದೆಮೂಳೆಯವರೆಗೆ ಸಾಲುಸಾಲಾಗಿ ಬರಬೇಕು. ಪ್ರತಿ ಜಾಗದಲ್ಲೂ ಮೆಲ್ಲಗೆ, ಸ್ವಲ್ಪ ಗಟ್ಟಿಯಾಗಿ, ಪಕ್ಕೆಲುಬು ತಾಗುವಷ್ಟು ಗಟ್ಟಿಯಾಗಿ, ಹೀಗೆ ಮೂರು ಒತ್ತು. ಬೇಗಬೇಗ ಮಾಡಿದರೂ ಐದಾರು ನಿಮಿಷ ಬೇಕು. ಶಿಬಿರದಲ್ಲಿ ಸೆರಗಿನ ಮೇಲಿಂದ ಒಮ್ಮೆ ಕೈಯಾಡಿಸಿ ಚೀಟಿ ಕೊಟ್ಟರು. ಆ ಚೀಟಿಯಲ್ಲಿ ‘ಸ್ತನ: ನಾರ್ಮಲ್’ ಎಂಬ ಸೀಲು ಬೆಳಿಗ್ಗೆಯೇ ಬಿದ್ದಿತ್ತು! ನರ್ಸ್‌ಗಳನ್ನು ದೂರುವುದಿಲ್ಲ. ಬಯಲಲ್ಲಿ ಕೂರಿಸಿ ಈ ಕೆಲಸ ಮಾಡಿ ಅಂದವರನ್ನು ಕೇಳಬೇಕು.

ಇದರಿಂದ ಆಗುವ ಹಾನಿ ಸಣ್ಣದಲ್ಲ. ತಪಾಸಣೆಯೇ ಆಗದ ಹೆಂಗಸು ಮುಂದೆ ಒಂದು ಗಂಟು ಕೈಗೆ ಸಿಕ್ಕರೆ ಹೆದರಿ ಆಸ್ಪತ್ರೆಗೆ ಹೋಗುತ್ತಾಳೆ. ‘ನಾರ್ಮಲ್’ ಚೀಟಿ ಇಟ್ಟುಕೊಂಡವಳು ‘ಮೊನ್ನೆ ತಾನೆ ತೋರಿಸಿದ್ದೆನಲ್ಲ’ ಅಂತ ಆರು ತಿಂಗಳು ಸುಮ್ಮನಿರುತ್ತಾಳೆ. ಗಂಟು ಎರಡು ಸೆಂಟಿಮೀಟರ್ ಒಳಗಿದ್ದು ಕಂಕುಳಿಗೆ ಹರಡಿಲ್ಲದಿದ್ದರೆ ಅದು ಮೊದಲ ಹಂತ. ಅನೇಕರಿಗೆ ಗಂಟಷ್ಟೇ ತೆಗೆದು, ವಿಕಿರಣ ಕೊಟ್ಟು ಸ್ತನ ಉಳಿಸಬಹುದು. ಕೈಜಾರಿದ ಮೇಲೆ ಕೀಮೊ, ಇಡೀ ಸ್ತನ ತೆಗೆಯುವುದು, ಸಾಲ. 2022ರ ಅಂದಾಜಿನಂತೆ ದೇಶದಲ್ಲಿ ಒಂದೇ ವರ್ಷ ಸುಮಾರು 1.92 ಲಕ್ಷ ಮಹಿಳೆಯರಿಗೆ ಈ ಕಾಯಿಲೆ ಬಂತು, 98 ಸಾವಿರ ಮಂದಿ ಸತ್ತರು.

ಕೈಯಿಂದ ಮಾಡುವ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ ಅಂತ ಯಾರೂ ತಿಳಿಯಬಾರದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ತರಬೇತಾದ ಆರೋಗ್ಯ ಕಾರ್ಯಕರ್ತೆಯರಿಂದ ಹೀಗೇ ಪರೀಕ್ಷೆ ಮಾಡಿಸಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಇಳಿಯಿತೆಂದು 2021ರಲ್ಲಿ ಪ್ರಕಟಿಸಿದರು. ಸರ್ಕಾರದ ನಿಯಮವೂ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು ಅನ್ನುತ್ತದೆ. ಉಪಕೇಂದ್ರದಲ್ಲಿ ಒಂದು ಕೋಣೆ, ಮಂಚ, ಪರದೆ ಇದ್ದು ದಿನಕ್ಕೆ ಹತ್ತು ಮಂದಿಯನ್ನು ನೋಡಿದರೆ ಸಾಕು. ಅದಕ್ಕೆ ಶಾಮಿಯಾನ ಯಾಕೆ ಬೇಕು?

ವೇದಿಕೆಯ ಭಾಷಣವೂ ತಪ್ಪು. ‘ಎದೆಯಲ್ಲಿ ನೋವಿದ್ದರೆ ತಕ್ಷಣ ಬನ್ನಿ’ ಅಂದರು. ನೋವಿಲ್ಲದ ಗಂಟಿಗೇ ಬೇಗ ಬರಬೇಕು! ಮೊದಲು ಸರಿಯಿದ್ದ ತೊಟ್ಟು ಒಳಸರಿದರೆ, ತೊಟ್ಟಿನಿಂದ ರಕ್ತ ಬಂದರೆ, ತೊಟ್ಟಿನ ಮೇಲಿನ ಕಜ್ಜಿ ಮುಲಾಮಿಗೆ ಬಗ್ಗದಿದ್ದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ ನೋವಿಗೆ ಕಾಯಬಾರದು. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ ಅನ್ನುವುದನ್ನೂ ಹೇಳಲಿಲ್ಲ. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ಮುಂಚೆ ಇಲ್ಲಿಂದ ರೆಫರಲ್ ಚೀಟಿ ಪಡೆಯಿರಿ ಎಂಬ ಎರಡು ಮಾತು ಯಾರ ಬಾಯಿಂದಲೂ ಬರಲಿಲ್ಲ.

ಗಂಟು ಸಿಕ್ಕವರ ಮುಂದಿನ ದಾರಿಯೋ! ಜಿಲ್ಲಾ ಕೇಂದ್ರದ ಮ್ಯಾಮೊಗ್ರಫಿ (ಸ್ತನದ ಎಕ್ಸ್‌ರೇ) ಯಂತ್ರಕ್ಕೆ ಟೆಕ್ನಿಷಿಯನ್ ವಾರಕ್ಕೆರಡು ದಿನ. ಕಂಕುಳಿಗೆ ಪೌಡರ್, ಸೆಂಟು ಹಾಕಿಕೊಂಡು ಬರಬೇಡಿ, ಅದರ ಕಣ ಚಿತ್ರದಲ್ಲಿ ಕ್ಯಾನ್ಸರಿನ ಗುರುತಾಗಬಹುದಾದ ಸುಣ್ಣದ ಚುಕ್ಕೆಯಂತೆ ಕಾಣಬಹುದು ಅಂತ ಮೊದಲೇ ಹೇಳುವವರಿಲ್ಲ. ವರದಿಯಲ್ಲಿ ‘ಬೈರಾಡ್ಸ್ 0’ (ಚಿತ್ರ ನೋಡಿ ವೈದ್ಯರು ಕೊಡುವ ದರ್ಜೆ) ಅಂತಿದ್ದರೆ ಕಾಯಿಲೆ ಸೊನ್ನೆ ಅಂದುಕೊಂಡು ಊರಿಗೆ ವಾಪಸಾಗುತ್ತಾರೆ. ಚಿತ್ರ ಸಾಲದು, ಮತ್ತೆ ತೆಗೆಯಬೇಕು ಎಂಬುದು ಅದರ ಅರ್ಥ. ಬಯಾಪ್ಸಿಗೆಂದು ಗಂಟಿನಿಂದ ತೆಗೆದ ತುಣುಕನ್ನು ಸಲೈನ್ ಬಾಟಲಿಯಲ್ಲಿ ಹಾಕಿ, ನೀವೇ ಲ್ಯಾಬಿಗೆ ಒಯ್ಯಿರಿ ಅಂತ ಮನೆಯವರ ಕೈಗೆ ಕೊಡುವುದೂ ನಡೆದಿದೆ. ತೆಗೆದ ಒಂದು ಗಂಟೆಯೊಳಗೆ ಅದು ಕೆಡದಂತೆ ಕಾಯುವ ಶೇ 10ರ ಫಾರ್ಮಲಿನ್‌ಗೆ, ತುಣುಕಿನ ಹತ್ತು ಪಟ್ಟು ದ್ರಾವಣಕ್ಕೆ, ಬೀಳಬೇಕು. ತಡವಾದರೆ, ಹಾರ್ಮೋನ್ ಮಾತ್ರೆ ಬೇಕೇ ಎಂದು ತಿಳಿಸುವ ಪರೀಕ್ಷೆ ಸುಳ್ಳೇ ನೆಗೆಟಿವ್ ಬರಬಹುದು. ಆಗ ಕೊಡಬೇಕಾದ ಮಾತ್ರೆ ಆ ಹೆಂಗಸಿಗೆ ಸಿಗದೇ ಹೋಗುತ್ತದೆ.

ಇದೇ ಆಸ್ಪತ್ರೆಯ ಹೆರಿಗೆ ವಾರ್ಡಿನ ಮುಂದಿನ ಚರಂಡಿಯ ಬಗ್ಗೆ ಎಷ್ಟು ಅರ್ಜಿ ಹೋಗಿವೆ? ಲಿಫ್ಟ್ ಕೆಟ್ಟು ಎಷ್ಟು ತಿಂಗಳಾಯಿತು? ಔಷಧ ಕೌಂಟರ್ ಹನ್ನೆರಡಕ್ಕೇ ಮುಚ್ಚುವುದು ಯಾರ ಆದೇಶ? ಆಸ್ಪತ್ರೆಯ ಸಾಹೇಬರಿಗೆ ಫೋನ್ ಮಾಡಿದರೆ ‘ಮೀಟಿಂಗ್‌ನಲ್ಲಿದ್ದಾರೆ’.

ತಾಲ್ಲೂಕು ಆರೋಗ್ಯಾಧಿಕಾರಿಗಳು ಆ ಮುನ್ನೂರು ಹೆಂಗಸರನ್ನು ಮತ್ತೆ ಕರೆಸಿ ಸರಿಯಾಗಿ ನೋಡಲಿ. ಇಲ್ಲವಾದರೆ ಆ ಸೀಲನ್ನು ಮುರಿದು ಎಸೆಯಲಿ. ಪರದೆಗೆ ಬೇಕಾದ ಬಟ್ಟೆ ಕೊಡಿಸಲು ನಾಲ್ಕು ಮಂದಿ ಸೇರಿ ಚಂದಾ ಎತ್ತುತ್ತೇವೆ, ಆದರೆ ಸುಳ್ಳು ಚೀಟಿ ಹಂಚುವುದನ್ನು ಮೊದಲು ನಿಲ್ಲಿಸಿ.

— ನಿವೃತ್ತ ಹಿರಿಯ ಶುಶ್ರೂಷಾಧಿಕಾರಿ, ಕೋಟೆ ಬಡಾವಣೆ