ಹೊರದೇಶ ಪ್ರಯಾಣದ ಪಟ್ಟಿ

ಶ್ರೀನಿವಾಸಪುರ, ಜೂನ್ 2026

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಯಾಕೋ ಇಷ್ಟು ತಲೆ ಕೆಡಿಸ್ಕೊಂಡಿದ್ದೀಯ? ಅಮೆರಿಕದ ಪೌರತ್ವದ ಇಂಟರ್‌ವ್ಯೂ ತಾನೇ, ನಂದು ಇಪ್ಪತ್ತು ನಿಮಿಷಕ್ಕೆ ಮುಗೀತಲ್ಲ." ನಾನು ಹೂಂ ಅಂದು ಬೇರೆ ಮಾತು ತೆಗೆದೆ. ಅಪ್ಪ ಪಕ್ಕದಲ್ಲೇ ಕೂತಿದ್ದರು. ಅವರ ಮುಂದೆ ಹೇಳಲು ಆಗದ ವಿಷಯ ಅದು, ಆವತ್ತಿನ ಮಟ್ಟಿಗೆ. ಈಗ ಅವರಿಗೂ ಹೇಳಿ ಆಯಿತು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಇದೇ ಸಾಲಿನಲ್ಲಿ ಕಾಯುತ್ತಿರುವ ನಮ್ಮ ಕಡೆಯವರು ಇನ್ನೂ ಬಹಳ ಜನ ಇದ್ದಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನೀನು ಬೇಡ ಅನ್ನಲ್ಲ ಅಂತ ಗೊತ್ತು.

ಊರಿಗೆ ಬಂದು ಹದಿನೆಂಟು ದಿನ ಆಯಿತು. ಅಪ್ಪನ ಕಣ್ಣಿನ ಪೊರೆ ಆಪರೇಷನ್ ಚೆನ್ನಾಗಿ ಆಯಿತು. ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಧೂಳಿಗೆ ಹೋಗಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಮಾವಿನ ಸುಗ್ಗಿಯಲ್ಲಿ ಅಪ್ಪನನ್ನು ಮನೆಯೊಳಗೆ ಕೂರಿಸುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತೇ ಇದೆ. ಜಗುಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತು, ಮಂಡಿ ಕಡೆ ಹೋಗುವ ಟ್ರ್ಯಾಕ್ಟರುಗಳ ಸದ್ದು ಕೇಳುತ್ತಾರೆ. ಬಾದಾಮಿ ಮುಗಿಯುತ್ತಾ ಬಂತು, ಈಗ ತೋತಾಪುರಿ. ಹೋದ ವರ್ಷ ಇದೇ ಹೊತ್ತಿಗೆ ಗಡಿಯಲ್ಲಿ ತೋತಾಪುರಿ ಲಾರಿಗಳನ್ನು ತಡೆದು ರೇಟು ಬಿದ್ದುಹೋಗಿತ್ತಲ್ಲ, ಆ ಭಯ ಇನ್ನೂ ಅವರಿಗೆ ಹೋಗಿಲ್ಲ. ದಿನಾ ಅಕ್ಕನ ಹತ್ತಿರ ರೇಟು ಕೇಳುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಕರೆದರಾ?" ಅನ್ನುತ್ತಾರೆ.

ಕರೆದಿಲ್ಲ. ನಾನು ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ ಫೋನಿನಲ್ಲಿ ಅರ್ಜಿಯ ಸ್ಟೇಟಸ್ ನೋಡುತ್ತೇನೆ. ಅಲ್ಲಿ ನ್ಯೂಜೆರ್ಸಿಯಲ್ಲಿ ಹೆಂಡತಿ ಟಪಾಲು ಡಬ್ಬ ನೋಡುತ್ತಾಳೆ. ನಾನು ಇಲ್ಲಿರುವಾಗಲೇ ಇಂಟರ್‌ವ್ಯೂ ದಿನಾಂಕ ಬಂದುಬಿಟ್ಟರೆ ಓಡಬೇಕು. ದಿನ ಬದಲಾಯಿಸಿ ಅಂತ ಕೇಳಿಕೊಳ್ಳಬಹುದು, ಆದರೆ ಮತ್ತೆ ಎಷ್ಟು ಕಾಯಿಸುತ್ತಾರೋ ಯಾರು ಕಂಡವರು. ಹೇಳದೆ ಕೇಳದೆ ತಪ್ಪಿಸಿದರೆ ಅರ್ಜಿಯನ್ನೇ ಬದಿಗಿಟ್ಟುಬಿಡುತ್ತಾರೆ. ಟಿಕೆಟ್ಟು ಮಾತ್ರ ಬದಲಾಯಿಸಲು ಬರುವಂಥದ್ದನ್ನೇ ತಗೊಂಡಿದ್ದೇನೆ.

ಕಾಯುವುದು ನನಗೆ ಹೊಸದಲ್ಲ. 2006ರಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಹೋದೆ. 2010ರಲ್ಲಿ, ಅಲ್ಲೇ ಖಾಯಂ ಇರಲು ಬಿಡುವ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತೆ. ಕೈಗೆ ಬಂದದ್ದು 2021ರ ಏಪ್ರಿಲ್‌ನಲ್ಲಿ. ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಶೇ 7ರಷ್ಟೇ ಅಂತ ಮಿತಿ ಇರುವುದರಿಂದ ನಮ್ಮವರ ಸಾಲು ಹನುಮಂತನ ಬಾಲ. ಅಲ್ಲಿಂದ ಐದು ವರ್ಷ ತುಂಬಿದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು, 90 ದಿನ ಮುಂಚೆಯೇ ಕಳಿಸಬಹುದು. ಈ ಜನವರಿಯಲ್ಲಿ 710 ಡಾಲರ್ ಕಟ್ಟಿ ಆ ಅರ್ಜಿ, ಎನ್-400, ಕಳಿಸಿದೆ. ಬೆರಳಚ್ಚು, ಫೋಟೊ ಎಲ್ಲ ಮುಗಿಯಿತು. ಉಳಿದಿರುವುದು ಇಂಟರ್‌ವ್ಯೂ.

ನೀನು ಪರೀಕ್ಷೆ ಬಗ್ಗೆ ಧೈರ್ಯ ಹೇಳಿದೆ. ಅದರ ಭಯ ನನಗಿಲ್ಲ. ನಿನಗೆ 100 ಪ್ರಶ್ನೆಗಳ ಪಟ್ಟಿ ಇತ್ತು, ಹತ್ತು ಕೇಳಿ ಆರು ಸರಿ ಹೇಳಿದರೆ ಸಾಕಿತ್ತು. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ 128 ಪ್ರಶ್ನೆ, ಇಪ್ಪತ್ತು ಕೇಳುತ್ತಾರೆ, ಹನ್ನೆರಡು ಸರಿ ಇರಬೇಕು. ಅಕ್ಕನ ಮಗಳು ದಿನಾ ಸಂಜೆ ಓದಿಸುತ್ತಾಳೆ. ಎಂಟನೇ ಕ್ಲಾಸು. ಬಾವಿ ಕಟ್ಟೆ ಮೇಲೆ ಕೂತು ನನ್ನ ಫೋನು ಹಿಡಿದು, ಟೀಚರ್ ಥರ ಕೇಳುತ್ತಾಳೆ. ತಿದ್ದುಪಡಿ ಎಷ್ಟು? 27. ಜನಪ್ರತಿನಿಧಿಗಳ ಸಭೆಯಲ್ಲಿ ಮತ ಹಾಕುವ ಸದಸ್ಯರು ಎಷ್ಟು? 435. ಬಾವುಟದಲ್ಲಿ ಪಟ್ಟೆ ಹದಿಮೂರು ಯಾಕೆ? ಸಂವಿಧಾನ 'ವಿ ದ ಪೀಪಲ್' ಅಂತ ಶುರುವಾಗುತ್ತಲ್ಲ, ಅದರ ಅರ್ಥ ಏನು ಅಂತ ಒಂದು ಪ್ರಶ್ನೆ ಇದೆ. ಅದನ್ನು ಓದಿ ಅವಳು ನಿಂತುಬಿಟ್ಟಳು. "ಮಾಮ, ನಮ್ಮದರಲ್ಲೂ ಹಂಗೇ ಐತಲ್ಲ, 'ನಾವು' ಅಂತ?" ಅಂದಳು. ಹೌದು ಪುಟ್ಟಾ, ಹಾಗೇ ಇದೆ ಅಂದೆ. ಮುಂದಿನ ಪ್ರಶ್ನೆಗೆ ನನ್ನ ಉತ್ತರ ತಪ್ಪಾಯಿತು.

ಗೆಳೆಯಾ, ನನ್ನ ನಿದ್ದೆ ಕೆಡಿಸಿದ್ದು ಅರ್ಜಿಯ ಇನ್ನೊಂದು ಭಾಗ. ಐದು ವರ್ಷದಲ್ಲಿ 24 ಗಂಟೆಗಿಂತ ಜಾಸ್ತಿ ಹೊರದೇಶಕ್ಕೆ ಹೋದ ಪ್ರತಿ ಪ್ರಯಾಣವನ್ನೂ ಬರೆಯಬೇಕಲ್ಲ, ಆ ಪಟ್ಟಿ. ಹೋದ ದಿನ, ವಾಪಸ್ ಬಂದ ದಿನ, ಹೋದ ದೇಶ. ಇಂಟರ್‌ವ್ಯೂನಲ್ಲಿ ಆಫೀಸರು ಅದನ್ನು ಮುಂದಿಟ್ಟುಕೊಂಡು ಕೇಳಬಹುದು. ಅರ್ಜಿ ಹಾಕಿದ ಮೇಲೆ ಮಾಡಿದ ಪ್ರಯಾಣವನ್ನೂ ಹೇಳಬೇಕು, ಅಂದರೆ ಅಪ್ಪನ ಕಣ್ಣಿಗೆ ಅಂತ ಬಂದ ಇದೂ ಸೇರುತ್ತದೆ.

ಜನವರಿಯ ಒಂದು ರಾತ್ರಿ ಪಾಸ್‌ಪೋರ್ಟಿನ ಮೊಹರುಗಳನ್ನು ನೋಡಿ ನೋಡಿ ಬರೆದೆ. ನಯಾಗರಾದ ಕೆನಡಾ ಬದಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದು ಎರಡು ದಿನ. ಅದೊಂದು ಬಿಟ್ಟರೆ ಎಲ್ಲಾ ಸಾಲಿನಲ್ಲೂ ಒಂದೇ ದೇಶ, ಇಂಡಿಯಾ. ಇಂಡಿಯಾ ಅಂತ ಬರೆದರೂ ನನಗೆ ಅದು ಅಕ್ಕನ ಮನೆಯ ಗೃಹಪ್ರವೇಶ, ಅಮ್ಮನ ವರ್ಷದ ತಿಥಿ. ಮನೆಗೆ ಬಂದದ್ದೆಲ್ಲ ಅಲ್ಲಿ ಹೊರಗೆ ಹೋದ ಲೆಕ್ಕದಲ್ಲಿದೆ. ಅವರ ಕಡೆಯಿಂದ ನೋಡಿದರೆ ಅದು ಸರಿಯೇ, ನಾನು ತಕರಾರು ತೆಗೆಯುತ್ತಿಲ್ಲ. ಆದರೆ ಬರೆಯುವ ಕೈಗೆ ಅದು ಸುಲಭ ಆಗಲಿಲ್ಲ. ನಿನ್ನ ಪಟ್ಟಿಯಲ್ಲೂ ಇಂಥ ಸಾಲುಗಳು ಇದ್ದೇ ಇರಬೇಕಲ್ವಾ? ನೀನು ಯಾವತ್ತೂ ಹೇಳಿಲ್ಲ.

ನನ್ನ ಪಟ್ಟಿಯ ಒಂದು ಸಾಲು ಹೀಗಿದೆ: 8 ಜನವರಿ 2023ರಿಂದ 28 ಜೂನ್ 2023.

ಅಮ್ಮನ ಕಿಡ್ನಿ ಕೈಕೊಟ್ಟ ವರ್ಷ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕೋಲಾರಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಮೊದಮೊದಲು ಇಲ್ಲಿಂದಲೇ ರಾತ್ರಿ ಕೆಲಸ ಮಾಡಿದೆ, ಆಮೇಲೆ ಸಂಬಳವಿಲ್ಲದ ರಜೆ. ದಾರಿಯುದ್ದಕ್ಕೂ ಮಾವಿನ ತೋಪು. ಜನವರಿಯಲ್ಲಿ ಹೂವು ಬಂದಿತ್ತು, ನಾವು ಓಡಾಡುತ್ತಿದ್ದ ಹಾಗೇ ಮಿಡಿ ಆಯಿತು, ಕಾಯಿ ಆಯಿತು. ಅಮ್ಮ ಕಾರಿನ ಕಿಟಕಿಯಿಂದ ನೋಡಿ, ಯಾರ ತೋಪಿನಲ್ಲಿ ಫಸಲು ಹೇಗಿದೆ ಅಂತ ಹೇಳುತ್ತಿದ್ದಳು. ಮೇ 10ಕ್ಕೆ ವಿಧಾನಸಭೆ ಚುನಾವಣೆ. ನಾನು ಮುಂಚೆಯೇ 6ಎ ಅರ್ಜಿ ಕೊಟ್ಟು, ಹೊರದೇಶದಲ್ಲಿರುವ ಮತದಾರ ಅಂತ ಹೆಸರು ಸೇರಿಸಿಕೊಂಡಿದ್ದೆ. ಪಾಸ್‌ಪೋರ್ಟ್ ತೋರಿಸಿ ನಮ್ಮೂರಿನ ಸ್ಕೂಲಿನಲ್ಲಿ ಮತ ಹಾಕಿದೆ. ಅಮ್ಮ ನನ್ನ ತೋಳು ಹಿಡಿದುಕೊಂಡೇ ಬಂದಳು. ಹೊರಗೆ ಬಂದು ನನ್ನ ಎಡಗೈ ತೋರುಬೆರಳನ್ನು ತನ್ನ ಬೆರಳಿನ ಪಕ್ಕ ಇಟ್ಟು ನೋಡಿದಳು. ಇಬ್ಬರ ಉಗುರಿನ ಬುಡದಲ್ಲೂ ಮೈಸೂರಿನ ಶಾಯಿ ಇನ್ನೂ ಹಸಿಯಾಗಿತ್ತು.

ನಿಯಮ ನಿನಗೆ ಗೊತ್ತು. ಗ್ರೀನ್ ಕಾರ್ಡ್ ಇರುವವನು ಒಂದೇ ಸಲಕ್ಕೆ ಆರು ತಿಂಗಳು ದಾಟಿ ಹೊರಗಿದ್ದರೆ, ಪೌರತ್ವಕ್ಕೆ ಬೇಕಾದ ಐದು ವರ್ಷದ ವಾಸ ಕಡಿದುಹೋಯಿತು ಅಂತಲೇ ಅವರು ಎಣಿಸುತ್ತಾರೆ. ಹಾಗಲ್ಲ ಅಂತ ರುಜುವಾತು ಮಾಡುವ ಭಾರ ನಮ್ಮ ಮೇಲೆ. ವರ್ಷ ದಾಟಿದರೆ ಕಡಿದೇ ಹೋದ ಹಾಗೆ. ನನಗೆ ಜುಲೈ 8ಕ್ಕೆ ಆರು ತಿಂಗಳು ತುಂಬುತ್ತಿತ್ತು. ಹನ್ನೊಂದು ವರ್ಷ ಸಾಲಿನಲ್ಲಿ ನಿಂತು ಬಂದವನಿಗೆ ಆ ದಿನಾಂಕ ದಾಟಲು ಧೈರ್ಯ ಬರಲಿಲ್ಲ. ಡಯಾಲಿಸಿಸ್ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಫೋನಿನಲ್ಲಿ ದಿನ ಎಣಿಸುತ್ತಿದ್ದೆ. ಒಳಗೆ ಅಮ್ಮನ ರಕ್ತ ಮಿಷನ್ನಿನಲ್ಲಿ ತಿರುಗುತ್ತಿತ್ತು, ಹೊರಗೆ ನಾನು ಇನ್ನು 40 ದಿನ, ಇನ್ನು 33 ದಿನ ಅಂತ ಲೆಕ್ಕ ಹಾಕುತ್ತಿದ್ದೆ. ಇದನ್ನು ಮೊನ್ನೆಮೊನ್ನೆಯವರೆಗೆ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಹತ್ತು ದಿನ ಮೊದಲೇ ಇರಲಿ ಅಂತ ಜೂನ್ 28ಕ್ಕೆ ಹೊರಟೆ. "ಇನ್ನೊಂದು ಸ್ವಲ್ಪ ದಿನ ಇರಬಾರದೇನೋ?" ಅಂದಳು ಅಮ್ಮ. ರಜೆ ಮುಗೀತಮ್ಮ ಅಂದೆ. ರಜೆ ಇತ್ತು. ಕೇಳಿದ್ದರೆ ಇನ್ನೂ ಕೊಡುತ್ತಿದ್ದರು.

ಪಟ್ಟಿಯ ಮುಂದಿನ ಸಾಲು ಆಗಸ್ಟ್ 2023. ಆಗಸ್ಟ್ 7ಕ್ಕೆ ಅಕ್ಕ ಫೋನ್ ಮಾಡಿದಳು. ನಾನು ಬರುವವರೆಗೆ ಫ್ರೀಜರ್ ಬಾಕ್ಸಿನಲ್ಲಿ ಇಟ್ಟಿದ್ದರು. ಮುಖ ನೋಡಲು ಆಗದೆ ಕೈ ನೋಡಿದೆ. ಮೇ ತಿಂಗಳಲ್ಲಿ ಉಗುರಿನ ಬುಡದಲ್ಲಿದ್ದ ಶಾಯಿ ಬೆಳೆದು ಬೆಳೆದು ತುದಿಗೆ ಬಂದಿತ್ತು. ಕತ್ತರಿಸಲು ಒಂದು ಅಕ್ಕಿಕಾಳಿನಷ್ಟು ಉಳಿದಿತ್ತು. ನನ್ನ ಬೆರಳಿನಲ್ಲೂ ಅಷ್ಟೇ.

ಈಗ ಹೇಳು, ಆಫೀಸರು ಬೆರಳಿಟ್ಟು, ಇದೇನು ಇಷ್ಟು ದಿನ ಅಂತ ಕೇಳಿದರೆ ನಾನು ಏನು ಹೇಳಲಿ? ತಾಯಿಗೆ ಹುಷಾರಿರಲಿಲ್ಲ ಅಂದರೆ ಮುಗಿಯುತ್ತದೆ. ಅವರಿಗೆ ಅಷ್ಟು ಸಾಕು. ಆರು ತಿಂಗಳು ದಾಟಿಲ್ಲ, ಕಾನೂನಿಗೆ ನಾನು ಸರಿ. ನನಗೇ ಸಾಲದು.

ಹಾಗಾದರೆ ಅರ್ಜಿ ಯಾಕೆ ಹಾಕಿದೆ ಅಂತ ನೀನು ಕೇಳಬಹುದು. ಈ ಎಣಿಕೆ ಸಾಕಾಯಿತು ಅಂತಲೇ ಹಾಕಿದೆ ಕಣೋ. ಗ್ರೀನ್ ಕಾರ್ಡ್ ಇರುವವರೆಗೆ ಅಪ್ಪನ ಹತ್ತಿರ ಬಂದಾಗಲೆಲ್ಲ ಕ್ಯಾಲೆಂಡರ್ ನೋಡಬೇಕು. ಪೌರತ್ವ ಸಿಕ್ಕಿ, ಭಾರತ ಮೂಲದ ಹೊರದೇಶದವರಿಗೆ ಇಲ್ಲಿ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಂಡರೆ ಇಲ್ಲಿ ಒಂದು ವರ್ಷ ಬೇಕಾದರೂ ಇರಬಹುದು, ಯಾರೂ ದಿನ ಕೇಳಲ್ಲ. ಅಪ್ಪನಿಗೆ ಎಂಬತ್ತಾಗುತ್ತಾ ಬಂತು. ಊರಿನಲ್ಲಿ ಬೇಕಾದಷ್ಟು ದಿನ ಇರಬೇಕು ಅಂದರೆ ಈ ದೇಶದ ಪ್ರಜೆ ಆಗಿರುವುದನ್ನು ಬಿಡಬೇಕು. ನನ್ನ ಪಾಲಿಗೆ ವಿಷಯ ಬಂದು ನಿಂತಿರುವುದು ಅಲ್ಲಿ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಅಲ್ಲಿ ಪ್ರಮಾಣ ಮಾಡಿದ ದಿನವೇ ಇಲ್ಲಿಯದು ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಬೇಕು. ಮತದಾರರ ಪಟ್ಟಿಯಿಂದ ಹೆಸರು ತೆಗೆಸಬೇಕು. ಅಮ್ಮನ ಜೊತೆ ಹಾಕಿದ್ದೇ ಇಲ್ಲಿನ ನನ್ನ ಕೊನೆಯ ವಿಧಾನಸಭೆ ಮತ.

ಭಾನುವಾರ ಸಂಜೆ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಮೊದಲು ಕೇಳಿದ್ದು ತೋಪಿನ ಬಗ್ಗೆ. "ಆಮೇಲೆ ಪಹಣಿಯಲ್ಲಿ ನಿನ್ನ ಹೆಸರು ಕೂರ್‍ತದಾ?" ಹೊಸದಾಗಿ ಜಮೀನು ಕೊಳ್ಳಲು ಆಗಲ್ಲ, ನಿನ್ನಿಂದ ಬಂದದ್ದು ಇಟ್ಟುಕೊಳ್ಳಬಹುದು ಅಂದೆ. ತಲೆ ಆಡಿಸಿದರು. ಆಮೇಲೆ ಅಮ್ಮನ ವಿಷಯ ಹೇಳಿದೆ. ಆವತ್ತು ರಜೆ ಮುಗಿದಿರಲಿಲ್ಲ ಅಪ್ಪ, ದಿನ ಎಣಿಸಿಕೊಂಡು ಹೋದೆ ಅಂದೆ.

ಬಹಳ ಹೊತ್ತು ಮಾತಾಡಲಿಲ್ಲ. ಹಸುವಿಗೆ ಹುಲ್ಲು ಹಾಕುವ ಹೊತ್ತಾಗಿತ್ತು. "ಎಷ್ಟು ದಿನ ಇದ್ದೆ ಆವಾಗ?" ಅಂದರು. ಪಟ್ಟಿಯ ಲೆಕ್ಕದಲ್ಲಿ 171 ಅಂದೆ. "ಒಳಗೆ ಟ್ರಂಕ್ ಐತೆ. ಪಹಣಿ ಕಟ್ಟಿನ ಕೆಳಗೆ ಹಳೇ ಕ್ಯಾಲೆಂಡರ್‌ಗಳು ಅವೆ. ಆ ವರ್ಷದ್ದು ತಗೊಂಡ್ ಬಾ" ಅಂದರು.

ಅಪ್ಪ ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಗೋಡೆ ಕ್ಯಾಲೆಂಡರಿನಲ್ಲೇ ಬರೆಯುತ್ತಾರೆ, ದಿನಕ್ಕೆ ಎರಡು ಅಂಕಿ. ಅವರ ಕಣ್ಣಿಗೆ ಕಾಣುವಂತಿರಲಿಲ್ಲ, ನನ್ನ ಕೈಲಿ ಓದಿಸಿದರು. ಜನವರಿ 5, ಬೆಳಿಗ್ಗೆ 6, ಸಂಜೆ 4½. ಜನವರಿ 6, ಅಷ್ಟೇ. 10ನೇ ತಾರೀಖಿನ ಚೌಕದಲ್ಲಿ ನೀಲಿ ಪೆನ್ನಿನಲ್ಲಿ 'ಮಗ ಬಂದ'. ಅವತ್ತಿನಿಂದ ಬೆಳಿಗ್ಗೆ 5. ಒಂದೊಂದು ದಿನ ಅರ್ಧ ಆಚೆ ಈಚೆ. ಫೆಬ್ರವರಿ, ಮಾರ್ಚ್, ಎಲ್ಲಾ ಪುಟದಲ್ಲೂ ಬೆಳಿಗ್ಗೆ 5. "ಓದು, ಓದು" ಅಂದರು. ಜೂನ್ 28, 'ಮಗ ಹೋದ'. ಜೂನ್ 29, ಬೆಳಿಗ್ಗೆ 6.

"ನಿನ್ನ ಕಾಫಿಗೆ, ಮೊಸರಿಗೆ ಅಂತ ನಿಮ್ಮಮ್ಮ ದಿನಾ ಒಂದು ಲೀಟರ್ ಎತ್ತಿಡ್ತಿದ್ದಳು" ಅಂದರು ಅಪ್ಪ.

ಆಗಸ್ಟ್ ಪುಟವನ್ನೂ ತಿರುಗಿಸಿದೆ. 7ರಿಂದ ಹನ್ನೊಂದು ಚೌಕ ಖಾಲಿ. ಅದನ್ನು ಓದಲಿಲ್ಲ, ಅವರೂ ಓದು ಅನ್ನಲಿಲ್ಲ.

ಕ್ಯಾಲೆಂಡರನ್ನು ಮಡಿಸಿ ಟ್ರಂಕಿಗೆ ಇಡಲು ಎದ್ದೆ. ತಾಲ್ಲೂಕು ಕಚೇರಿಗೆ ಬರಿಗೈಲಿ ಹೋಗಬಾರದು ಅನ್ನುವವರು ಅವರು, ನಿನಗೆ ಗೊತ್ತಲ್ಲ. "ಇಲ್ಲಿ ಯಾಕೆ ಇಡ್ತೀಯ? ತಗೊಂಡು ಹೋಗು. ಆ ಆಫೀಸರು ಕೇಳಿದರೆ ತೋರಿಸು. ದಿನಾ ಬರೆದಿದ್ದೀನಿ, ಒಂದು ದಿನಾನೂ ಹೆಚ್ಚುಕಮ್ಮಿ ಇಲ್ಲ" ಅಂದರು.

ಫೈಲಿನಲ್ಲಿ ಇಟ್ಟಿದ್ದೇನೆ, ಟ್ಯಾಕ್ಸ್ ಕಾಗದಗಳ ಹಿಂದೆ. ಬೆಳಿಗ್ಗೆ ಮಾಳಿಗೆ ಹತ್ತಿ ನೋಡಿದೆ, ಇವತ್ತೂ ಕರೆದಿಲ್ಲ.

ನಿನ್ನ ಗೆಳೆಯ