ಆ ದೊಡ್ಡ ನಂಬರ್ ನಾನು ಹಾಕಿಲ್ಲ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ ಸರ್.

ಬಜೆಟ್ ಚರ್ಚೆಗೆ ಮುಂಚೆ ಲೈಬ್ರರಿ ಬಗ್ಗೆ ಒಂದು ಪುಟದ ವರದಿ ಕೊಡಿ, ಒಂದು ಗ್ರಾಫ್ ಇರ್ಲಿ, ಮನಸ್ಸಿಗೆ ನಾಟೋ ಒಂದು ಕಥೆನೂ ಇರ್ಲಿ ಅಂತ ಹೇಳಿ ಕಳ್ಸಿದ್ರಿ. ಕೇಳಿದ್ದಕ್ಕೇ ಖುಷಿ ಆಯ್ತು. ವರದಿ ರೆಡಿ ಇದೆ, ಆದ್ರೆ ಅದ್ರಲ್ಲಿ ಏನೇನು ಹಾಕಿಲ್ಲ, ಯಾಕೆ ಹಾಕಿಲ್ಲ ಅನ್ನೋದನ್ನ ಎಲ್ಲರ ಎದುರಿಗೇ ಹೇಳ್ಬೇಕು ಅನ್ನಿಸ್ತು.

ಮೊದಲು ಗ್ರಾಫ್. 2020ರಿಂದ ಗೆರೆ ಎಳೆದ್ರೆ ನಮ್ಮ ಓದುಗರ ಸಂಖ್ಯೆ ಸರ್ರನೆ ಮೇಲಕ್ಕೆ ಹೋದ ಹಾಗೆ ಕಾಣತ್ತೆ, ಆದ್ರೆ ಆ ವರ್ಷ ಕೊರೋನಾದಿಂದ ಬಾಗಿಲು ಹಾಕಿತ್ತಲ್ಲ ಸರ್, ಮುಚ್ಚಿದ ಬಾಗಿಲಿಗೆ ಹೋಲಿಸಿದ್ರೆ ಯಾವ ಲೈಬ್ರರಿ ಆದ್ರೂ ಬೆಳೆದೇ ಇರತ್ತೆ. ಅದಕ್ಕೇ 2015ರಿಂದ ಶುರು ಮಾಡಿದೀನಿ, ಬಿದ್ದಿದ್ದೂ ಕಾಣ್ಲಿ ಎದ್ದಿದ್ದೂ ಕಾಣ್ಲಿ. ಗ್ರಾಫಿನ ಬುಡನೂ ಸೊನ್ನೆಯಲ್ಲೇ ಇದೆ. 980 ಇದ್ದದ್ದು 1000 ಆಯ್ತು ಅಂತಿಟ್ಕೊಳ್ಳಿ, ಬುಡನ 970ಕ್ಕೆ ಏರಿಸಿಬಿಟ್ರೆ ಎರಡನೇ ಕಂಬ ಮೊದಲನೇದರ ಮೂರು ಪಟ್ಟು ಕಾಣತ್ತೆ, ಒಂದೂ ಸುಳ್ಳು ಅಂಕಿ ಬರೀದೇನೇ.

ಇಂಗ್ಲೆಂಡಿನ ಹೆಸರಾಂತ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಬ್ರಿಟಿಷ್ ಸೈನಿಕರ ಸಾವಿನ ಲೆಕ್ಕನ ಚಿತ್ರ ಮಾಡಿ ಸರ್ಕಾರಕ್ಕೆ ತೋರಿಸಿದ್ರು, ಗಾಯಕ್ಕಿಂತ ತಡೀಬಹುದಾದ ರೋಗಕ್ಕೇ ಹೆಚ್ಚು ಜನ ಸಾಯ್ತಿದ್ದಾರೆ ಅಂತ. ಅವರ ಮೊದಲಿನ ದುಂಡು ಚಿತ್ರದಲ್ಲಿ ನಡುವಿನಿಂದ ಎಳೆದ ಗೆರೆಯ ಉದ್ದ ಅಂಕಿಗೆ ಸರಿ ಇತ್ತು, ಆದ್ರೆ ನೋಡೋರ ಕಣ್ಣಿಗೆ ಬೀಳೋದು ವಿಸ್ತೀರ್ಣ, ಹಾಗಾಗಿ ದೊಡ್ಡದು ಇನ್ನೂ ದೊಡ್ಡದಾಗಿ ಕಾಣ್ತಿತ್ತು. ಆಮೇಲೆ ಅವರು ವಿಸ್ತೀರ್ಣಕ್ಕೇ ಅಂಕಿ ಹೊಂದಿಸಿ ಬೇರೆ ಚಿತ್ರ ಮಾಡಿದ್ರು. ಅಷ್ಟು ತುರ್ತಿನ ವಿಷಯದಲ್ಲೂ ತಿದ್ದಿಕೊಂಡ್ರಲ್ಲ, ಅದು ನಂಗೆ ತುಂಬಾ ದೊಡ್ಡದು ಅನ್ಸತ್ತೆ.

ಇನ್ನೊಂದು ಮಾತು. ಬಾಗಿಲಲ್ಲಿರೋ ಕೌಂಟರ್ ಜನರನ್ನ ಎಣಿಸಲ್ಲ, ಭೇಟಿನ ಎಣಿಸತ್ತೆ. ಫೋನ್ ಬಂತು ಅಂತ ಆಚೆ ಹೋಗಿ ವಾಪಸ್ ಬಂದವರು ಎರಡು ಸಲ ಲೆಕ್ಕಕ್ಕೆ ಸಿಗ್ತಾರೆ. ಸದನದಲ್ಲಿ ಓದುವಾಗ ದಯವಿಟ್ಟು "ಇಷ್ಟು ಜನ" ಅನ್ಬೇಡಿ ಸರ್, "ಇಷ್ಟು ಭೇಟಿ" ಅನ್ನಿ.

ಈಗ ಕಥೆ. ಮೂಲೆ ಟೇಬಲ್ಲಲ್ಲಿ ಒಬ್ಬ ಹುಡುಗಿ ದಿನಾ ಕೂತ್ಕೊತಾಳೆ, ತನ್ನ ನೋಟ್ಸ್ ತಾನೇ ತರ್ತಾಳೆ, ಇಲ್ಲೀವರೆಗೂ ಒಂದೇ ಒಂದು ಪುಸ್ತಕ ಎರವಲು ತಗೊಂಡಿಲ್ಲ. ನಮ್ಮ ಎರವಲು ಲೆಕ್ಕದಲ್ಲಿ ಅವಳು ಸೊನ್ನೆ. ಆದ್ರೆ ಬಾಗಿಲು ತೆಗೆಯೋಕೆ ಮುಂಚೇನೇ ಮೆಟ್ಟಿಲ ಮೇಲೆ ಕಾಯ್ತಿರ್ತಾಳೆ, ಮನೇಲಿ ಓದೋಕೆ ಜಾಗ ಇಲ್ಲ ಅಂತ. ಅವಳ ಫೋಟೋ, ವಯಸ್ಸು, ಬೀದಿ ಎಲ್ಲ ಹಾಕಿದ್ರೆ ನಿಮ್ಮ ಸ್ಲೈಡ್ ಎಲ್ಲರಿಗೂ ನಾಟ್ತಿತ್ತು, ನಿಜ. ಕೇಳಿದೆ, ಬೇಡ ಮೇಡಂ ಅಂದ್ಲು. ಇಲ್ಲಿ ಬರೆದಿರೋ ಇಷ್ಟನ್ನೂ ಅವಳಿಗೆ ಓದಿ ಹೇಳಿ, ಹೂಂ ಅಂದ ಮೇಲೇ ಹಾಕಿದೀನಿ. ಹೆಸರೊಂದು ತೆಗೆದ್ರೆ ಸಾಕು ಅಂದ್ಕೋಬೇಡಿ, ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಮೂರೇ ಸೇರಿದ್ರೂ ಅಮೆರಿಕದ 87 ಪರ್ಸೆಂಟ್ ಜನರನ್ನ ಬೇರೆ ಮಾಡಿ ಗುರುತಿಸಬಹುದು ಅಂತ 2000ದಲ್ಲೇ ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಲತಾನ್ಯಾ ಸ್ವೀನಿ ಲೆಕ್ಕ ಹಾಕಿ ತೋರಿಸಿದ್ದಾರೆ. ಯಾರು ಯಾವ ಪುಸ್ತಕ ಓದ್ತಾರೆ ಅನ್ನೋದಂತೂ ಯಾರು ಕೇಳಿದ್ರೂ ಕೊಡಲ್ಲ.

"ಲೈಬ್ರರಿ ಇರೋ ಕಡೆ ರಿಸಲ್ಟ್ ಚೆನ್ನಾಗಿದೆ" ಅನ್ನೋ ಸಾಲೂ ತೆಗೆದಿದೀನಿ. ಅಲ್ಲಿ ಒಳ್ಳೇ ಶಾಲೆ, ಅನುಕೂಲಸ್ಥ ಮನೆಗಳೂ ಇರಬಹುದಲ್ವಾ, ಕ್ರೆಡಿಟ್ ಎಲ್ಲ ನಾವೇ ತಗೊಂಡ್ರೆ ತಪ್ಪಾಗತ್ತೆ.

ಓದುಗರ ಸಮಯ ಉಳಿಸಿ ಅಂತ ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಸೂತ್ರ ಕೊಟ್ರು. ಹಂಗಾದ್ರೆ ಬೇಕಾದ ಪುಸ್ತಕ ಬೇಗ ಸಿಕ್ಕಿ ಜನ ಬೇಗ ಎದ್ದು ಹೋದ್ರೆ ಅದು ನಮ್ಮ ಗೆಲುವು, ಆದ್ರೆ ವರದಿಯಲ್ಲಿ "ಕೂತ ಸಮಯ ಇಳಿದಿದೆ" ಅಂತ ಕಾಣತ್ತೆ. ಅಲ್ಲಿ ಒಂದು ಟಿಪ್ಪಣಿ ಬರೆದಿದೀನಿ, ಗ್ರಾಫ್ ತೋರಿಸುವಾಗ ಅದನ್ನ ಕತ್ತರಿಸಬೇಡಿ.

ಕೇಳ್ಕೊಳ್ಳೋದು ಒಂದೇ. ವರ್ಷಕ್ಕೆ ಎರಡು ವಾರ, ಪರೀಕ್ಷೆ ಟೈಮಲ್ಲಿ ಒಂದು, ಬೇರೆ ಟೈಮಲ್ಲಿ ಒಂದು, ಒಳಗೆ ಕೂತು ಓದೋರನ್ನ ಗಂಟೆಗೊಮ್ಮೆ ತಲೆ ಎಣಿಸೋಕೆ ಇಬ್ಬರನ್ನ ಕೊಡಿ. ಹೆಸರು ಕೇಳೋದು ಬೇಡ, ಬರೀ ಎಣಿಕೆ ಸಾಕು. ಮೂಲೆ ಟೇಬಲ್ಲೂ ಮುಂದಿನ ವರದಿಯಲ್ಲಿ ಬರ್ಲಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಗ್ರಂಥಪಾಲಕಿ